ಎಲ್ಲರನ್ನೂ ಕೇಳುವ ಪ್ರಶ್ನೆ



ಲಂಡನ್ನಿಗೆ ಹೊಸದಾಗಿ ಬಂದಿಳಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ಬಾಡಿಗೆ ಮನೆ ಸಿಕ್ಕಿದೆ. ಮಕ್ಕಳಿಗೆ ಶಾಲೆ ಗೊತ್ತಾಗಿದೆ. ತೊಗರಿಬೇಳೆ, ಹುಣಸೆಹಣ್ಣು ಸಿಗುವ ಅಂಗಡಿ ಎಲ್ಲಿದೆ ಎಂದು ಮೊದಲೇ ಬಂದವರು ಹೇಳಿಯೂ ಆಗಿದೆ. ಇನ್ನೊಂದು ಕೆಲಸ ಬಾಕಿ ಇದೆ. ಹತ್ತಿರದ ಜಿಪಿ ಬಳಿ ಹೆಸರು ಬರೆಸಬೇಕು.

ಜಿಪಿ ಎಂದರೆ ನಮ್ಮಲ್ಲಿ ಹಿಂದೆ ಇರುತ್ತಿದ್ದ ಮನೆವೈದ್ಯರ ಹಾಗೆ. ಬ್ರಿಟನ್ನಿನಲ್ಲಿ ಕೆಮ್ಮು ಬಂದರೂ, ಮಂಡಿ ನೋವು ಬಂದರೂ, ಮೊದಲು ತಟ್ಟುವ ಬಾಗಿಲು ಅದೇ. ಜಿಪಿ ಕೂರುವ ಕ್ಲಿನಿಕ್ಕಿಗೆ ಅಲ್ಲಿಯವರು ಸರ್ಜರಿ ಎನ್ನುತ್ತಾರೆ. ಊರಿನಿಂದ ಬಂದ ಅಜ್ಜಿ ತಾತ ಆ ಮಾತು ಕೇಳಿ ಗಾಬರಿಯಾಗಬೇಕಿಲ್ಲ. ಅದು ದಿನನಿತ್ಯದ ದವಾಖಾನೆ, ಅಷ್ಟೇ.

ಹೆಸರು ಬರೆಸಿದವರನ್ನು ನರ್ಸ್ ಒಳಗೆ ಕರೆಯುತ್ತಾರೆ. ಎತ್ತರ ಅಳೆಯುತ್ತಾರೆ. ತೂಕ ನೋಡುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಸಿಗರೇಟು ಸೇದುತ್ತೀರಾ ಎಂದು ಕೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಆಮೇಲೆ, ದನಿ ಬದಲಿಸದೆ, ಇನ್ನೊಂದು ಮಾತು. ಇಲ್ಲಿ ಹೊಸದಾಗಿ ಸೇರುವ ಎಲ್ಲ ದೊಡ್ಡವರಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತೇವೆ, ಬೆರಳಿನಿಂದ ಒಂದು ಹನಿ ರಕ್ತ ಸಾಕು, ಮಾಡೋಣವೇ?

ಪೂರ್ವ ಲಂಡನ್ನಿನಲ್ಲಿ ಹ್ಯಾಕ್ನಿ ಎಂಬ ಬಡಾವಣೆ ಇದೆ. ಅಲ್ಲಿನ ಕೆಲವು ಜಿಪಿ ಕ್ಲಿನಿಕ್‌ಗಳಲ್ಲಿ 2010ರಿಂದ ಹೀಗೆ ಕೇಳತೊಡಗಿದರು. ಇವತ್ತಿನ ಮಾತು ಆ ಒಂದು ಪ್ರಶ್ನೆಯ ಸುತ್ತ. ಅದನ್ನು ಹಿಂದೆ ಯಾರನ್ನು ಕೇಳುತ್ತಿದ್ದರು? ಎಲ್ಲರನ್ನೂ ಕೇಳಬೇಕೆಂದು ಏಕೆ ತೀರ್ಮಾನಿಸಿದರು? ಕೇಳಿದ ಮೇಲೆ ಏನಾಯಿತು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಎಂಬಲ್ಲಿ, ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅದರ ಅನಾವರಣವಾಯಿತು. ಲಂಡನ್ನಿಗೆ ಹೋದ ಕನ್ನಡಿಗರು ಅಲ್ಲಿ ನಿಂತು ಕೈಮುಗಿದೇ ಬರುತ್ತಾರೆ. ಅಲ್ಲಿಂದ ನದಿಯ ಗುಂಟ ಸ್ವಲ್ಪ ದೂರ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆ. 1982ರ ಜುಲೈ 4ರಂದು ಆ ಆಸ್ಪತ್ರೆಯಲ್ಲಿ ಟೆರೆನ್ಸ್ ಹಿಗ್ಗಿನ್ಸ್ ಎಂಬ 37 ವರ್ಷದ ವ್ಯಕ್ತಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಏಡ್ಸ್‌ಗೆ ಬಲಿಯಾದ ಮೊದಲಿಗರಲ್ಲಿ ಅವರೊಬ್ಬರು. ಕಾಯಿಲೆಗೆ ಆಗಿನ್ನೂ ಸರಿಯಾದ ಹೆಸರಿರಲಿಲ್ಲ. ಅದನ್ನು ತರುವುದು ಎಚ್‌ಐವಿ ಎಂಬ ವೈರಸ್ ಎಂದು ತಿಳಿದಿರಲಿಲ್ಲ. ಪರೀಕ್ಷೆ ಇರಲಿಲ್ಲ. ಗೆಳೆಯರು ಅವರ ಹೆಸರಿನಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ರಕ್ತಪರೀಕ್ಷೆ ಬಂದದ್ದು 1985ರಲ್ಲಿ. ಆದರೆ ಆಗ ಪರೀಕ್ಷೆ ಮಾಡಿಸಿಕೊಂಡು ಆಗಬೇಕಾದದ್ದೇನು? ಔಷಧ ಇರಲಿಲ್ಲ. ಕಾಯಿಲೆ ಇದೆ ಎಂದು ತಿಳಿದರೆ ಕೆಲಸ ಹೋಗಬಹುದು. ಮನೆ ಮಾಲೀಕ ಖಾಲಿ ಮಾಡಿಸಬಹುದು. ನೆಂಟರು ಬಾಗಿಲು ಹಾಕಿಕೊಳ್ಳಬಹುದು. 1987ರಲ್ಲಿ ಸರ್ಕಾರ ದೇಶದ ಪ್ರತಿ ಮನೆಗೂ ಒಂದು ಕರಪತ್ರ ಹಂಚಿತು. ತಿಳಿಯದೆ ಸಾಯಬೇಡಿ ಎಂಬುದು ಅದರ ತಿರುಳು. ಟಿವಿಯಲ್ಲಿ ಗೋರಿಕಲ್ಲು ಕೆತ್ತುವ ಜಾಹೀರಾತು ಬಂತು. ಜನ ಎಚ್ಚೆತ್ತರು, ಹೆದರಿಯೂ ಹೋದರು.

ಅದೇ ವರ್ಷ ಏಪ್ರಿಲ್ 9ರಂದು ರಾಜಕುಮಾರಿ ಡಯಾನಾ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಬಂದರು. ಏಡ್ಸ್ ರೋಗಿಗಳಿಗೆಂದೇ ತೆರೆದ ವಾರ್ಡಿನ ಉದ್ಘಾಟನೆ. ಅವರು ಗ್ಲೌಸ್ ಹಾಕದೆ ರೋಗಿಯೊಬ್ಬರ ಕೈ ಕುಲುಕಿದರು. ಕೈ ಹಿಡಿದದ್ದೇ ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಜನರ ಭಯ ಎಷ್ಟಿತ್ತೆಂದು ಹೇಳಲು ಇದೊಂದೇ ಸಾಕು.

ಇಂಥ ಕಾಲದಲ್ಲಿ ಪರೀಕ್ಷೆಗೆ ಮೊದಲು ದೀರ್ಘ ಆಪ್ತಸಮಾಲೋಚನೆ ನಡೆಯುತ್ತಿತ್ತು. ಫಲಿತಾಂಶ ಏನು ಬಂದರೆ ಏನು ಮಾಡುತ್ತೀರಿ ಎಂದು ಕೂರಿಸಿಕೊಂಡು ಕೇಳುತ್ತಿದ್ದರು. ಆಗಿನ ಮಟ್ಟಿಗೆ ಅದು ಸರಿಯೇ. ವಿಮೆಯ ಚಿಂತೆ ಬೇರೆ ಇತ್ತು. ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂದು ವಿಮಾ ಕಂಪನಿಗಳು ಕೇಳುತ್ತಿದ್ದವು. ಫಲಿತಾಂಶ ನೆಗೆಟಿವ್ ಬಂದಿದ್ದರೂ, ಮಾಡಿಸಿಕೊಂಡದ್ದೇ ಏಕೆ ಎಂಬ ಸಂಶಯ ಹುಟ್ಟುತ್ತಿತ್ತು. ಬ್ರಿಟನ್ನಿನ ವಿಮಾ ಕಂಪನಿಗಳು ಆ ರೀತಿ ಕೇಳುವುದನ್ನು ಕೈಬಿಟ್ಟದ್ದು 1994ರಲ್ಲಿ. ಆದರೆ ಜನರ ಮನಸ್ಸಿನಲ್ಲಿ ಆ ಅಳುಕು ಬಹಳ ಕಾಲ ಉಳಿಯಿತು. ವೈದ್ಯರ ಮನಸ್ಸಿನಲ್ಲೂ ಉಳಿಯಿತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಔಷಧವಿಲ್ಲದ ದಿನಗಳಲ್ಲಿ ಎಚ್‌ಐವಿ ಪರೀಕ್ಷೆ ಅಂಜಿಕೆಯ ವಿಷಯವಾಗಿತ್ತು. ಅದಕ್ಕೇ ಅದನ್ನು ಬೇರೆ ಕೋಣೆಯಲ್ಲಿಟ್ಟರು. ಸಂಶಯ ಬಂದವರನ್ನಷ್ಟೇ ಆ ಕೋಣೆಗೆ ಕಳಿಸಿದರು. ಈಗ ಮುಂದಿನ ಮಾತು. ಔಷಧ ಬಂದ ಮೇಲೆ ಏನಾಯಿತು?

1996ರ ಹೊತ್ತಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು. ಸಾವಿನ ಅಂಚಿನಲ್ಲಿದ್ದವರು ಎದ್ದು ಕುಳಿತರು. ವರ್ಷಗಳು ಕಳೆದಂತೆ ಮಾತ್ರೆಗಳು ಕಡಿಮೆಯಾದವು, ಅಡ್ಡಪರಿಣಾಮಗಳು ತಗ್ಗಿದವು. ಈಗ ಬಹಳ ಮಂದಿಗೆ ದಿನಕ್ಕೊಂದು ಮಾತ್ರೆ. ಬೇಗ ಪತ್ತೆಯಾಗಿ, ಮಾತ್ರೆ ತಪ್ಪಿಸದೆ ನುಂಗಿದವರು ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬದುಕುತ್ತಾರೆ.

ಇನ್ನೂ ಒಂದು ಸಂಗತಿ ಇದೆ. ಇದನ್ನು ಕೇಳುಗರು ದಯವಿಟ್ಟು ಗಮನವಿಟ್ಟು ಕೇಳಬೇಕು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಸೋಂಕು ಹರಡುವುದಿಲ್ಲ. ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ ಅಧ್ಯಯನಕ್ಕೆ ಪಾರ್ಟ್‌ನರ್ ಎಂದು ಹೆಸರು. ಯುರೋಪಿನ ಹಲವು ದೇಶಗಳ ಜೋಡಿಗಳು ಅದರಲ್ಲಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಲಿಸನ್ ರಾಡ್ಜರ್ ಅದನ್ನು ಮುನ್ನಡೆಸಿದರು. 2019ರಲ್ಲಿ ಪ್ರಕಟವಾದ ಎರಡನೆಯ ಹಂತದಲ್ಲಿ ಸುಮಾರು 780 ಪುರುಷ ಜೋಡಿಗಳಿದ್ದರು. ಒಬ್ಬರಿಗೆ ಎಚ್‌ಐವಿ, ಇನ್ನೊಬ್ಬರಿಗಿಲ್ಲ. ಕಾಂಡೋಮ್ ಇಲ್ಲದೆ ಕೂಡಿದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಸೋಂಕು ತಗುಲಿದ್ದು ಎಷ್ಟು ಮಂದಿಗೆ? ಒಬ್ಬರಿಗೂ ಇಲ್ಲ. ಸೊನ್ನೆ.

ಅಂದರೆ ಪರೀಕ್ಷೆಯ ಅರ್ಥವೇ ಬದಲಾಗಿತ್ತು. ಮೊದಲು ಅದು ಮರಣದ ಸುದ್ದಿ ಹೇಳುತ್ತಿತ್ತು. ಈಗ ಅದು ಚಿಕಿತ್ಸೆಯ ಬಾಗಿಲು ತೆರೆಯುತ್ತದೆ. ಆದರೆ ಪರೀಕ್ಷೆಯ ಕೋಣೆ ಇದ್ದಲ್ಲೇ ಇತ್ತು. ಕೇಳುವ ರೀತಿಯೂ ಹಳೆಯದೇ.

ಇದರಿಂದ ಆಗುತ್ತಿದ್ದ ನಷ್ಟ ಎಷ್ಟು? ಲಂಡನ್ನಿನ ಸಂಶೋಧಕರು ಅದನ್ನು ಅಳೆದರು. ಈ ಶತಮಾನದ ಮೊದಲ ದಶಕದ ನಡುವಿನಲ್ಲಿ, ಆಗಷ್ಟೇ ಎಚ್‌ಐವಿ ಪತ್ತೆಯಾದ ಸುಮಾರು 260 ಆಫ್ರಿಕನ್ ಮೂಲದವರನ್ನು ಮಾತಾಡಿಸಿದರು. ಫಿಯೋನಾ ಬರ್ನ್ಸ್ ಮತ್ತು ಸಂಗಡಿಗರ ಅಧ್ಯಯನ ಅದು. ಅವರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆ ತಡವಾಗಿ ತಿಳಿದಿತ್ತು. ಅವರೇನು ವೈದ್ಯರ ಕಡೆ ತಲೆಹಾಕದವರೇ? ಹಾಗಲ್ಲ. ನಾಲ್ವರಲ್ಲಿ ಮೂವರು ಹಿಂದಿನ ಒಂದು ವರ್ಷದಲ್ಲಿ ಜಿಪಿಯನ್ನು ಕಂಡುಬಂದವರೇ. ಹಾಗೆ ಕಂಡುಬಂದ ಐವರಲ್ಲಿ ನಾಲ್ವರ ಹತ್ತಿರ ಎಚ್‌ಐವಿಯ ಮಾತೇ ಬಂದಿರಲಿಲ್ಲ.

ಈ ಅಂಕಿಯನ್ನು ಬಿಡಿಸಿ ನೋಡೋಣ. ಒಬ್ಬರು ಸರ್ಪಸುತ್ತು ಎಂದು ಬರುತ್ತಾರೆ. ವೈದ್ಯರು ಮುಲಾಮು ಕೊಡುತ್ತಾರೆ. ಎರಡು ತಿಂಗಳ ಮೇಲೆ ನಾಲಿಗೆ ಮೇಲೆ ಬೆಳ್ಳಗೆ ಪೊರೆ ಕಟ್ಟಿದೆ ಎಂದು ಬರುತ್ತಾರೆ. ಅದಕ್ಕೊಂದು ಔಷಧ. ಮತ್ತೆ ಕೆಮ್ಮು, ಮತ್ತೆ ನ್ಯುಮೋನಿಯಾ. ತೂಕ ಇಳಿಯುತ್ತಿದೆ. ಕೆಲಸದ ಒತ್ತಡ ಇರಬಹುದು ಎನ್ನುತ್ತಾರೆ. ಒಂದೊಂದು ದೂರಿಗೂ ಒಂದೊಂದು ಚೀಟಿ. ಎಲ್ಲ ಚೀಟಿಗಳನ್ನು ಒಟ್ಟಿಗೆ ಜೋಡಿಸಿ ಓದಿದರೆ ದೇಹದ ರಕ್ಷಣಾ ಶಕ್ತಿ ಕುಸಿಯುತ್ತಿದೆ ಎಂದು ತಿಳಿಯುತ್ತದೆ. ಆದರೆ ಹತ್ತು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ವೈದ್ಯರಿಗೆ ಅಷ್ಟು ಪುರುಸೊತ್ತು ಸಿಗುವುದು ಕಷ್ಟ. ಹೊಳೆದರೂ ಬಾಯಿ ಬರುವುದಿಲ್ಲ. ಹೇಗೆ ಕೇಳುವುದು? ಇವರು ಏನೆಂದುಕೊಳ್ಳುತ್ತಾರೋ. ಮದುವೆಯಾದ ಹೆಂಗಸು. ಮಕ್ಕಳಿದ್ದಾರೆ. ಚರ್ಚಿಗೆ ಹೋಗುವವರು.

ಸಂಕೋಚ ಎರಡೂ ಕಡೆ ಇತ್ತು. ಕೇಳಲು ವೈದ್ಯರಿಗೆ ಸಂಕೋಚ. ಹೇಳಲು ರೋಗಿಗೆ ಸಂಕೋಚ. ಕಾಯಿಲೆ ಮಾತ್ರ ನಡುವೆ ಸುಮ್ಮನೆ ಬೆಳೆಯುತ್ತಿತ್ತು. 2010ರ ಸುಮಾರಿಗೆ ಬ್ರಿಟನ್ನಿನಲ್ಲಿ ಎಚ್‌ಐವಿ ಇದ್ದ ನಾಲ್ವರಲ್ಲಿ ಒಬ್ಬರಿಗೆ ತಮಗೆ ಅದು ಇದೆ ಎಂಬುದೇ ಗೊತ್ತಿರಲಿಲ್ಲ.

2008ರಲ್ಲಿ ಬ್ರಿಟನ್ನಿನ ತಜ್ಞರ ಸಂಘಗಳು ಸೇರಿ ಹೊಸ ಮಾರ್ಗಸೂಚಿ ಬರೆದವು. ಯಾವ ಪ್ರದೇಶದಲ್ಲಿ ವಯಸ್ಕರಲ್ಲಿ ಸಾವಿರಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಗೆ ಎಚ್‌ಐವಿ ಪತ್ತೆಯಾಗಿದೆಯೋ, ಅಲ್ಲಿ ಜಿಪಿ ಬಳಿ ಹೊಸದಾಗಿ ಸೇರುವ ಪ್ರತಿಯೊಬ್ಬ ವಯಸ್ಕರಿಗೂ ಪರೀಕ್ಷೆ ಮಾಡುವುದನ್ನು ಪರಿಗಣಿಸಬೇಕು ಎಂದವು. ಉದ್ದುದ್ದ ಆಪ್ತಸಮಾಲೋಚನೆ ಬೇಕಿಲ್ಲ, ಬೇರೆ ರಕ್ತಪರೀಕ್ಷೆಗೆ ಕೇಳುವಂತೆ ಒಪ್ಪಿಗೆ ಕೇಳಿದರೆ ಸಾಕು ಎಂದವು.

ಸಾವಿರಕ್ಕೆ ಎರಡು ಎಂಬ ಗೆರೆ. ಹ್ಯಾಕ್ನಿಯಲ್ಲಿ ಆಗ ಸಾವಿರಕ್ಕೆ ಎಂಟರ ಆಸುಪಾಸಿನಲ್ಲಿತ್ತು.

ಸರಿ, ಈವರೆಗಿನದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಒಳ್ಳೆಯ ಚಿಕಿತ್ಸೆ ಇತ್ತು. ಪರೀಕ್ಷೆಯೂ ಇತ್ತು. ಕಾಯಿಲೆ ಇದ್ದವರು ಕ್ಲಿನಿಕ್ಕಿಗೆ ಬರುತ್ತಲೂ ಇದ್ದರು. ಕೇಳುವವರು ಮಾತ್ರ ಇರಲಿಲ್ಲ. ಎಲ್ಲರನ್ನೂ ಕೇಳಿ ಎಂದು ಮಾರ್ಗಸೂಚಿ ಹೇಳಿತು. ಆದರೆ ದಿನವಿಡೀ ಗಿಜಿಗುಡುವ ಕ್ಲಿನಿಕ್ಕಿನಲ್ಲಿ ಇದನ್ನು ಮಾಡುವುದು ಆಗುವ ಮಾತೇ? ಹ್ಯಾಕ್ನಿಯವರು ಪ್ರಯೋಗ ಮಾಡಿಯೇ ನೋಡಿದರು.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ವರ್ನರ್ ಲೆಬರ್ ಮತ್ತು ಕ್ರಿಸ್ ಗ್ರಿಫಿತ್ಸ್, ಹ್ಯಾಕ್ನಿಯಲ್ಲೇ ಇರುವ ಹೋಮರ್ಟನ್ ಆಸ್ಪತ್ರೆಯ ಜೇನ್ ಆಂಡರ್ಸನ್, ಅವರ ಜತೆ ಇನ್ನೂ ಹಲವರು. ಅವರೆಲ್ಲ ಸೇರಿ 40 ಜಿಪಿ ಕ್ಲಿನಿಕ್‌ಗಳನ್ನು ಒಪ್ಪಿಸಿದರು. ಚೀಟಿ ಎತ್ತಿದ ಹಾಗೆ ಅವನ್ನು ಎರಡು ಪಾಲು ಮಾಡಿದರು. 20 ಕ್ಲಿನಿಕ್‌ಗಳಲ್ಲಿ ಹೊಸಬರಿಗೆಲ್ಲ ಬೆರಳ ಹನಿಯ ಪರೀಕ್ಷೆ. ಉಳಿದ 20ರಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. 2010ರ ವಸಂತದಿಂದ 2012ರ ಆಗಸ್ಟ್‌ವರೆಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ, ಇದು ನಡೆಯಿತು.

ತಯಾರಿ ಬಹಳ ದೊಡ್ಡದೇನಲ್ಲ. ತರಬೇತಿ ಕೊಡುವವರು ಕ್ಲಿನಿಕ್ಕಿಗೇ ಬಂದರು. ಸುಮಾರು ಒಂದೂವರೆ ಗಂಟೆ ಎಲ್ಲರೂ ಒಟ್ಟಿಗೆ ಕೂತರು. ಎಚ್‌ಐವಿ ಈಗ ಎಂಥ ಕಾಯಿಲೆ, ಪರೀಕ್ಷೆ ಹೇಗೆ, ಪಾಸಿಟಿವ್ ಬಂದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಮಾತಾಡಿಕೊಂಡರು. ಪ್ರತಿ ಕ್ಲಿನಿಕ್ಕಿನಲ್ಲೂ ಜವಾಬ್ದಾರಿ ಹೊರಲು ಒಬ್ಬ ನರ್ಸ್ ಮುಂದೆ ಬಂದರು. ಪರೀಕ್ಷೆಯ ಕಿಟ್‌ಗಳನ್ನು ಉಚಿತವಾಗಿ ಕೊಟ್ಟರು.

ಆ ಕಿಟ್ಟನ್ನು ಬಾನುಲಿಯಲ್ಲಿ ತೋರಿಸಲಾಗುವುದಿಲ್ಲ. ಮಾತಿನಲ್ಲೇ ನೋಡೋಣ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಿರಬಹುದಾದ ಒಂದು ಬಿಳಿ ಪ್ಲಾಸ್ಟಿಕ್ ಬಿಲ್ಲೆ. ಅದರ ನಡುವೆ ಪುಟ್ಟ ಗುಳಿ. ಪಕ್ಕದಲ್ಲಿ ಮೂರು ಚಿಕ್ಕ ಬಾಟಲಿ. ನರ್ಸ್ ಬೆರಳ ತುದಿಯನ್ನು ಒರೆಸುತ್ತಾರೆ. ಚುಚ್ಚುವ ಪುಟ್ಟ ಸಾಧನ ಟಕ್ ಎನ್ನುತ್ತದೆ. ಗುಲಗಂಜಿಯಷ್ಟು ರಕ್ತ ಮೇಲೆ ಬರುತ್ತದೆ. ಅದನ್ನು ಸಣ್ಣ ನಳಿಕೆಯಲ್ಲಿ ಹೀರಿ ಮೊದಲ ಬಾಟಲಿಗೆ ಬಿಟ್ಟು ಅಲುಗಿಸುತ್ತಾರೆ. ಗುಳಿಗೆ ಸುರಿಯುತ್ತಾರೆ. ಅದು ಇಂಗುತ್ತದೆ. ಎರಡನೆಯ ಬಾಟಲಿಯದು ಬಣ್ಣ ಬರಿಸುವ ದ್ರವ. ಅದನ್ನೂ ಸುರಿಯುತ್ತಾರೆ. ಮೂರನೆಯದು ತಿಳಿಗೊಳಿಸುವ ದ್ರವ. ಅಷ್ಟೇ. ಒಂದು ನೀಲಿ ಚುಕ್ಕೆ ಮೂಡಿದರೆ ಪರೀಕ್ಷೆ ಸರಿಯಾಗಿ ನಡೆದಿದೆ, ಸೋಂಕಿನ ಸುಳಿವಿಲ್ಲ. ಎರಡು ಚುಕ್ಕೆ ಮೂಡಿದರೆ ಇನ್ನಷ್ಟು ನೋಡಬೇಕು. ಚುಕ್ಕೆಯೇ ಮೂಡದಿದ್ದರೆ ಪರೀಕ್ಷೆ ಕೆಟ್ಟಿದೆ, ಮತ್ತೆ ಮಾಡಬೇಕು. ಎಲ್ಲಕ್ಕೂ ಹಿಡಿಯುವುದು ಒಂದೆರಡು ನಿಮಿಷ. ಬಿಪಿ ನೋಡುವಷ್ಟೇ ಹೊತ್ತು.

ಎರಡು ಚುಕ್ಕೆ ಮೂಡಿದ ಮಾತ್ರಕ್ಕೆ ಎಚ್‌ಐವಿ ಇದೆ ಎಂದು ತೀರ್ಮಾನಿಸುವುದಿಲ್ಲ. ಇಂಥ ಪರೀಕ್ಷೆಯಲ್ಲಿ ಅಪರೂಪಕ್ಕೆ ತಪ್ಪು ಗುರುತೂ ಬರುತ್ತದೆ. ಆದ್ದರಿಂದ ತೋಳಿನಿಂದ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಖಚಿತವಾದ ಮೇಲೆ ತಜ್ಞರ ಬಳಿ ಕರೆದೊಯ್ಯುತ್ತಾರೆ. ಇನ್ನೊಂದು ಎಚ್ಚರಿಕೆ. ಸೋಂಕು ತಗುಲಿದ ಮೊದಲ ಕೆಲವು ವಾರ ಈ ಪರೀಕ್ಷೆಗೆ ಅದು ಸಿಗುವುದಿಲ್ಲ. ಹಾಗಾಗಿ ಇತ್ತೀಚೆಗೆ ಸೋಂಕು ತಗುಲಿರಬಹುದು ಎನಿಸಿದವರು ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿಕೊಳ್ಳಬೇಕು.

ಕೇಳುಗರೇ, ಪ್ರಯೋಗದ ಏರ್ಪಾಡು ಕೇಳಿದಿರಿ. 20 ಕ್ಲಿನಿಕ್ ಒಂದು ಕಡೆ, 20 ಇನ್ನೊಂದು ಕಡೆ. ಒಂದು ಕಡೆ ಎಲ್ಲರನ್ನೂ ಕೇಳುತ್ತಾರೆ. ಇನ್ನೊಂದು ಕಡೆ ಹಳೆಯ ಕ್ರಮ. ಫಲಿತಾಂಶ 2015ರಲ್ಲಿ ದಿ ಲ್ಯಾನ್ಸೆಟ್ ಎಚ್‌ಐವಿ ಪತ್ರಿಕೆಯಲ್ಲಿ ಬಂತು.

ಎಲ್ಲರನ್ನೂ ಕೇಳಿದ ಕ್ಲಿನಿಕ್‌ಗಳಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾದದ್ದು 32 ಮಂದಿಗೆ. ಇನ್ನೊಂದು ಕಡೆ 14 ಮಂದಿಗೆ. ಕ್ಲಿನಿಕ್‌ಗಳ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದರೆ ಪತ್ತೆಯ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚು. ಎಷ್ಟು ಬೇಗ ಪತ್ತೆಯಾಯಿತು ಎಂಬುದೂ ಮುಖ್ಯ. ಅದನ್ನು ಅಳೆಯಲು ರಕ್ತದಲ್ಲಿನ ಸಿಡಿ4 ಕಣಗಳನ್ನು ಎಣಿಸುತ್ತಾರೆ. ದೇಹವನ್ನು ಕಾಯುವ ಬಿಳಿ ರಕ್ತಕಣಗಳಲ್ಲಿ ಅವೂ ಒಂದು ಬಗೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 500ಕ್ಕಿಂತ ಮೇಲಿರುತ್ತವೆ. 350ಕ್ಕಿಂತ ಇಳಿದ ಮೇಲೆ ಪತ್ತೆಯಾದರೆ ತಡವಾಯಿತು ಎನ್ನುತ್ತಾರೆ. ಎಲ್ಲರನ್ನೂ ಕೇಳಿದ ಕಡೆ ಸರಾಸರಿ ಸುಮಾರು 355. ಹಳೆಯ ಕ್ರಮದ ಕಡೆ 270.

ಈ 32 ಮಂದಿಯೂ ಬೆರಳ ಹನಿಯಿಂದಲೇ ಪತ್ತೆಯಾದವರಲ್ಲ. ಹಲವರು ಬೇರೆ ಯಾವುದೋ ತೊಂದರೆಗೆ ಬಂದಾಗ ವೈದ್ಯರು, ನರ್ಸ್‌ಗಳು ಮಾಮೂಲಿ ರಕ್ತಪರೀಕ್ಷೆಗೆ ಕಳಿಸಿ ಪತ್ತೆಯಾದವರು. ಇಡೀ ಪ್ರಯೋಗದಲ್ಲಿ ಮನಸ್ಸಿಗೆ ತಟ್ಟುವ ಸಂಗತಿ ಇದೇ. ನೋಂದಣಿಯ ಕೋಣೆಯಲ್ಲಿ ದಿನಾ ಕೇಳಿ ಕೇಳಿ ಆ ಪದ ಕ್ಲಿನಿಕ್ಕಿನಲ್ಲಿ ಬಳಕೆಗೆ ಬಂತು. ಸರ್ಪಸುತ್ತು ಎಂದು ಬಂದವರ ಮುಂದೆಯೂ ಅದನ್ನು ಎತ್ತುವುದು ಸಲೀಸಾಯಿತು.

ಮಾತಿನ ಬಗೆ ಎಷ್ಟು ಮುಖ್ಯ ಎಂಬುದನ್ನು ಕನ್ನಡದಲ್ಲೇ ಹೇಳಿ ನೋಡಿ. ನಿಮಗೆ ಎಚ್‌ಐವಿ ಇರಬಹುದು ಎಂದು ಅನುಮಾನ ಇದೆಯೇ, ಎಂದು ಯಾರಾದರೂ ಕೇಳಿದರೆ ಮೈ ಉರಿಯುತ್ತದೆ. ನನ್ನನ್ನು ಏನೆಂದು ತಿಳಿದಿದ್ದೀರಿ ಎಂದು ಎದ್ದು ಹೋಗುವವರೇ ಹೆಚ್ಚು. ಇಲ್ಲಿಗೆ ಬಂದ ಎಲ್ಲರಿಗೂ ಮಾಡುತ್ತೇವೆ, ನಿಮಗೂ ಮಾಡೋಣವೇ, ಎಂದರೆ ಕೋಪಕ್ಕೆ ಕಾರಣವೇ ಇರುವುದಿಲ್ಲ. ಬೇಡ ಎನ್ನುವವರು ಬೇಡ ಎನ್ನಬಹುದು. ಅದಕ್ಕೆ ಕಾರಣ ಕೊಡಬೇಕಿಲ್ಲ. ಒಪ್ಪಿದವರು ಬೆರಳು ಚಾಚುತ್ತಾರೆ. ಯಾರ ಚಾರಿತ್ರ್ಯವೂ ಚರ್ಚೆಗೆ ಬರುವುದಿಲ್ಲ.

ಹಾಗೆಂದು ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಪರೀಕ್ಷೆ ನಡೆದ 20 ಕ್ಲಿನಿಕ್‌ಗಳಿಗೆ ಆ ಅವಧಿಯಲ್ಲಿ ಹೊಸದಾಗಿ ಸೇರಿದವರು ಸುಮಾರು 45 ಸಾವಿರ ಮಂದಿ. ಬೆರಳ ಹನಿ ಕೊಟ್ಟವರು 5 ಸಾವಿರದಷ್ಟು. ಅಂದರೆ ಒಂಬತ್ತು ಮಂದಿಗೆ ಒಬ್ಬರು. ಎಲ್ಲರಿಗೂ ಎಂದು ಹೊರಟದ್ದು ಒಂಬತ್ತರಲ್ಲಿ ಒಂದಕ್ಕೆ ನಿಂತಿತು. ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೂ ಬಹಳ ವ್ಯತ್ಯಾಸ. ಕೆಲವೆಡೆ ಚುರುಕು, ಕೆಲವೆಡೆ ಕುಂಟು ನಡಿಗೆ. ಹೀಗೇಕೆ ಎಂದು ಹೆದರ್ ಮೆಕ್‌ಮಲೆನ್ ಮತ್ತು ಜತೆಗಾರರು ಬೇರೆಯಾಗಿಯೇ ಅಧ್ಯಯನ ಮಾಡಿದರು. ಇದು ನಮ್ಮ ಕೆಲಸ, ಇದರಿಂದ ನಮ್ಮ ರೋಗಿಗಳಿಗೆ ಒಳ್ಳೆಯದಾಗುತ್ತದೆ ಎಂದು ನಂಬಿದ ಕಡೆ, ಮುಂದೆ ನಿಂತು ನಡೆಸುವವರಿದ್ದ ಕಡೆ, ಕೆಲಸ ಸಾಗಿತ್ತು. ಸಿಬ್ಬಂದಿ ಸಾಲದ, ದಣಿದ ಕ್ಲಿನಿಕ್‌ಗಳಲ್ಲಿ ಕಿಟ್‌ಗಳು ಕಪಾಟಿನಲ್ಲೇ ಉಳಿದವು. ಕರ್ನಾಟಕದ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಹಣದ ಪ್ರಶ್ನೆಯೂ ಇತ್ತು. ಆರೋಗ್ಯವಂತರಿಗೆಲ್ಲ ಪರೀಕ್ಷೆ ಮಾಡಿ ದುಡ್ಡು ಏಕೆ ಸುರಿಯಬೇಕು? 2017ರಲ್ಲಿ ಇದೇ ಪ್ರಯೋಗದ ಆಧಾರದ ಮೇಲೆ ಲೆಕ್ಕ ಹಾಕಿದರು. ಬ್ರಿಟನ್ನಿನ ಸರ್ಕಾರಿ ಮಾನದಂಡದ ಪ್ರಕಾರ ಈ ಖರ್ಚು ಸಾರ್ಥಕ ಎನಿಸಿಕೊಳ್ಳಲು ಸುಮಾರು 33 ವರ್ಷ ಬೇಕು ಎಂದು ಬಂತು. 33 ವರ್ಷ ಎಂದರೆ ದೀರ್ಘ ಎನಿಸಬಹುದು. ಆದರೆ 30ರ ಹರೆಯದಲ್ಲಿ ಪತ್ತೆಯಾಗಿ ಚಿಕಿತ್ಸೆ ಪಡೆದವರು ಆಗ 63ರಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾರೆ. ಬದುಕಿನ ಲೆಕ್ಕವನ್ನು ಅಷ್ಟು ಉದ್ದಕ್ಕೇ ಹಾಕಬೇಕು.

ಹ್ಯಾಕ್ನಿಯ ಕಥೆ ಇದು. ಪತ್ತೆ ಹೆಚ್ಚಾಯಿತು, ಬೇಗ ಆಯಿತು. ಆದರೆ ಕೆಲಸ ಎಲ್ಲ ಕಡೆ ಒಂದೇ ಸಮ ಆಗಲಿಲ್ಲ. ಎಲ್ಲರನ್ನೂ ಕೇಳುವ ಕ್ರಮ ನಿಜಕ್ಕೂ ಮೈಗೂಡಿದ ಜಾಗ ಯಾವುದಾದರೂ ಇದೆಯೇ? ಇದೆ. ಅದು ನಮ್ಮಲ್ಲಿಯೂ ಇದೆ.

ಕರ್ನಾಟಕದ ಹಳ್ಳಿಯ ಹೆಣ್ಣುಮಗಳು ಬಸುರಿಯಾದಾಗ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಮಾಡಿಸುತ್ತಾಳೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ ನೋಡುತ್ತಾರೆ. ಎಚ್‌ಐವಿಯನ್ನೂ ನೋಡುತ್ತಾರೆ. ಊರಲ್ಲಿ ಯಾರೂ ಅದಕ್ಕೆ ಹುಬ್ಬೇರಿಸುವುದಿಲ್ಲ. ಬಸುರಿಯರಿಗೆಲ್ಲ ಮಾಡುವ ಪರೀಕ್ಷೆ ಎಂದು ಅತ್ತೆಗೂ ಗೊತ್ತು, ಆಶಾ ಕಾರ್ಯಕರ್ತೆಗೂ ಗೊತ್ತು. ಇಂಗ್ಲೆಂಡಿನಲ್ಲಿ 1999ರಿಂದ ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುವುದು ಕಡ್ಡಾಯ ಕ್ರಮವಾಯಿತು. ಈಗ ಅಲ್ಲಿ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿ ಒಪ್ಪುತ್ತಾರೆ. ತಾಯಿಗೆ ಸೋಂಕು ಇದೆಯೆಂದು ತಿಳಿದು ಚಿಕಿತ್ಸೆ ನಡೆದರೆ ಮಗುವಿಗೆ ಅದು ತಗುಲುವುದು ಅಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಆದರೆ ಅದೇ ಬಸುರಿಯ ಗಂಡ? ಅವಳ ಮೈದುನ? 50 ದಾಟಿದ ಅವಳ ಅಮ್ಮ? ಅವರಿಗೆ ಪರೀಕ್ಷೆ ಬೇಕೆಂದರೆ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರ, ಎಂಬ ಫಲಕದ ಕೋಣೆಯ ಮುಂದೆ ನಿಲ್ಲಬೇಕು. ಅಲ್ಲಿನ ಆಪ್ತಸಮಾಲೋಚಕರು ಗುಟ್ಟು ಕಾಯುತ್ತಾರೆ, ನಯವಾಗಿ ಮಾತಾಡಿಸುತ್ತಾರೆ. ದುಡ್ಡು ಕೊಡಬೇಕಿಲ್ಲ. ಆದರೂ ಆ ಬಾಗಿಲಿನವರೆಗೆ ಹೋಗುವುದೇ ಕಷ್ಟ. ಅದೇ ಸಾಲಿನಲ್ಲಿ ನೆರೆಯವರು ಕಂಡರೆ? ಬಾಗಿಲು ತೆರೆದೇ ಇದ್ದರೂ ಆ ಹತ್ತು ಹೆಜ್ಜೆ ನಡೆಯಲಾಗದೆ ತಿರುಗಿ ಬರುವವರನ್ನು ನೆನೆದರೆ ಸಂಕಟವಾಗುತ್ತದೆ. ಹ್ಯಾಕ್ನಿಯ ಪ್ರಯೋಗ ಆ ಹೆಜ್ಜೆಗಳನ್ನೇ ಇಲ್ಲವಾಗಿಸಿತು. ಬಿಪಿ ನೋಡುವ ಕುರ್ಚಿಯಲ್ಲೇ ಪರೀಕ್ಷೆ ಮುಗಿಯಿತು.

ಎಲ್ಲರಿಗೂ ಎಂದರೆ ಕೇಳದೆಯೇ ಮಾಡುವುದು ಎಂದು ಯಾರೂ ತಿಳಿಯಬಾರದು. ಭಾರತದಲ್ಲಿ 2017ರ ಎಚ್‌ಐವಿ ಏಡ್ಸ್ ಕಾಯಿದೆ ಪ್ರಕಾರ, ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶದ ಗುಟ್ಟು ಕಾಯಬೇಕು. ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಆಪರೇಷನ್ನಿಗೆ ಮುಂಚೆ ರಕ್ತ ತೆಗೆದು, ಪಾಸಿಟಿವ್ ಬಂದವರನ್ನು ಬೇರೆ ಕಡೆ ಸಾಗಹಾಕುವುದು ಪರೀಕ್ಷೆಯಲ್ಲ. ಅದು ದ್ರೋಹ.

ಇನ್ನು ಲಂಡನ್ನಿಗೆ ಮರಳಿ ಕೊನೆಯ ಭಾಗ. ಜಿಪಿ ಕ್ಲಿನಿಕ್ಕಿನಲ್ಲಿ ಪ್ರಯೋಗವಾದ ಈ ಯೋಚನೆ ಆಸ್ಪತ್ರೆಗಳಲ್ಲಿ ಹೇಗೆ ಜಾರಿಗೆ ಬಂತು ಎಂದು ನೋಡೋಣ.

ಬಸವಣ್ಣನವರ ಪ್ರತಿಮೆ ಇರುವ ಲ್ಯಾಂಬೆತ್ ಇಡೀ ಬ್ರಿಟನ್ನಿನಲ್ಲೇ ಎಚ್‌ಐವಿ ಪ್ರಮಾಣ ಅತಿ ಹೆಚ್ಚಿರುವ ಪ್ರದೇಶ. 2018ರಿಂದ ಮೂರು ವರ್ಷ ಲ್ಯಾಂಬೆತ್, ಸದಕ್ ಮತ್ತು ಲೂಯಿಷಮ್‌ಗಳಲ್ಲಿ ಎಲ್ಟನ್ ಜಾನ್ ಏಡ್ಸ್ ಫೌಂಡೇಷನ್ ಒಂದು ಹೊಸ ಏರ್ಪಾಡು ನಡೆಸಿತು. ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳು, ಜಿಪಿ ಕ್ಲಿನಿಕ್‌ಗಳು, ಸಂಘ ಸಂಸ್ಥೆಗಳು ಎಲ್ಲ ಅದರಲ್ಲಿದ್ದವು. ಹೊಸದಾಗಿ ಪತ್ತೆಯಾಗಿ ಚಿಕಿತ್ಸೆಗೆ ಸೇರಿದ ಪ್ರತಿಯೊಬ್ಬರಿಗೂ, ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಮರಳಿ ಬಂದ ಪ್ರತಿಯೊಬ್ಬರಿಗೂ, ಕರೆತಂದ ಸಂಸ್ಥೆಗೆ ಹಣ. ಮೂರು ವರ್ಷದಲ್ಲಿ 450ಕ್ಕೂ ಹೆಚ್ಚು ಮಂದಿ ಚಿಕಿತ್ಸೆಗೆ ಬಂದರು. ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಆಸ್ಪತ್ರೆ 2020ರಲ್ಲಿ ತನ್ನ ತುರ್ತು ವಿಭಾಗದಲ್ಲಿ ಎಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡುವ ಕ್ರಮ ಶುರುಮಾಡಿತು.

2022ರ ಏಪ್ರಿಲ್‌ನಿಂದ ಲಂಡನ್ನಿನ ತುರ್ತು ವಿಭಾಗಗಳಲ್ಲೆಲ್ಲ ಇದು ಜಾರಿಗೆ ಬಂತು. ಇನ್ನೂ ಕೆಲವು ಊರುಗಳೂ ಸೇರಿದವು. ಮೂರು ವರ್ಷಕ್ಕೆ 2 ಕೋಟಿ ಪೌಂಡ್ ಮೀಸಲಿಟ್ಟರು. ಕೈ ಮುರಿದುಕೊಂಡು ಬಂದವರಿರಲಿ, ಎದೆನೋವೆಂದು ಬಂದವರಿರಲಿ, ಬೇರೆ ಕಾರಣಕ್ಕೆ ಹೇಗೂ ರಕ್ತ ತೆಗೆಯುವುದಿದ್ದರೆ ಇನ್ನೊಂದು ಟ್ಯೂಬ್ ತುಂಬಿಸುತ್ತಾರೆ. ಗೋಡೆಯ ಮೇಲೆ ಸೂಚನೆ ಇರುತ್ತದೆ. ಬೇಡ ಎಂದವರಿಗೆ ಮಾಡುವುದಿಲ್ಲ. ಮೊದಲ ವರ್ಷವೇ ಸುಮಾರು ಎಂಟೂವರೆ ಲಕ್ಷ ಎಚ್‌ಐವಿ ಪರೀಕ್ಷೆ ನಡೆಯಿತು. ಮುನ್ನೂರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಪತ್ತೆಯಾಯಿತು. ಅದೇ ರಕ್ತದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಕೂಡ ನೋಡಿದ ಕಡೆ ಅವುಗಳ ಸಂಖ್ಯೆ ಇನ್ನೂ ದೊಡ್ಡದು.

ಈ ಮುನ್ನೂರು ಮಂದಿಯಲ್ಲಿ ಎಷ್ಟೋ ಜನ ತಾವಾಗಿ ಯಾವ ಕ್ಲಿನಿಕ್ಕಿನಲ್ಲೂ ಪರೀಕ್ಷೆ ಕೇಳುತ್ತಿರಲಿಲ್ಲ. ತಮಗೆ ಇದು ಬರುವ ಕಾಯಿಲೆ ಎಂಬ ಯೋಚನೆಯೇ ಅವರಿಗಿರಲಿಲ್ಲ. ವಯಸ್ಸಾದವರು, ಮದುವೆಯಾದವರು, ಬೇರೆ ದೇಶಗಳಿಂದ ಬಂದು ನೆಲೆಸಿದವರು. ಅಂಥವರಲ್ಲೇ ತಡವಾದ ಪತ್ತೆ ಹೆಚ್ಚು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಇದನ್ನು ಬೇರೆಯವರ ವಿಷಯ ಎಂದು ಪಕ್ಕಕ್ಕಿಡಬೇಕಿಲ್ಲ. ಜಿಪಿ ಕ್ಲಿನಿಕ್ಕಿನಲ್ಲಿ ಕೇಳಿದರೆ ಹೂಂ ಎನ್ನಬಹುದು. ಕೇಳದಿದ್ದರೆ ತಾವೇ ಕೇಳಬಹುದು.

ಪಾಸಿಟಿವ್ ಬಂದರೆ ಚಿಕಿತ್ಸೆಯ ಖರ್ಚಿನ ಚಿಂತೆ ಬೇಡ. ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್‌ನಿಂದ ಎಚ್‌ಐವಿ ಚಿಕಿತ್ಸೆ ಎಲ್ಲರಿಗೂ ಉಚಿತ. ವೀಸಾ ಯಾವುದು, ಬಂದು ಎಷ್ಟು ದಿನವಾಯಿತು ಎಂಬುದು ಅದಕ್ಕೆ ಅಡ್ಡಬರುವುದಿಲ್ಲ. ಕರ್ನಾಟಕದಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆ, ಕೊಡುವ ಸರ್ಕಾರಿ ಕೇಂದ್ರಗಳಲ್ಲಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಪರೀಕ್ಷೆ ಎಲ್ಲಿ, ಹೇಗೆ ಎಂದು ತಿಳಿಯಬೇಕಾದವರು ಭಾರತದ ಯಾವ ಮೂಲೆಯಿಂದಲಾದರೂ 1097ಕ್ಕೆ ಫೋನ್ ಮಾಡಬಹುದು. ಕರೆಗೆ ಹಣ ಬೀಳುವುದಿಲ್ಲ. ಸಂಖ್ಯೆಯನ್ನು ಇನ್ನೊಮ್ಮೆ ಹೇಳಬೇಕು, ಬರೆದುಕೊಳ್ಳುವವರಿಗಾಗಿ. ಒಂದು, ಸೊನ್ನೆ, ಒಂಬತ್ತು, ಏಳು.